13 ಮಾಟಗಾತಿಯರು ಎಲ್ಲಿದ್ದರು?

ತರಗತಿಯಲ್ಲಿ ‘ಮ್ಯಾಕ್‌ಬೆತ್’ ನಾಟಕದ ಕತೆ ಹೇಳುವಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರ್, ಮಾಟಗಾತಿಯರು ನಿಜವಾಗಿಯೂ ಗುಂಪು ಕಟ್ಟಿಕೊಂಡು ಸೇರುತ್ತಿದ್ದರಾ?” ಒಳ್ಳೆಯ ಪ್ರಶ್ನೆ. ಅಂದು ಗಂಟೆ ಹೊಡೆದಿದ್ದರಿಂದ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಇಂಗ್ಲಿಷಿನಲ್ಲಿ ಇಂಥ ಕೂಟಕ್ಕೆ ‘ಕವೆನ್’ ಎನ್ನುತ್ತಾರೆ. ಅದರಲ್ಲಿ 13 ಜನ ಎಂಬ ಲೆಕ್ಕ 1662ರಲ್ಲಿ ಸ್ಕಾಟ್ಲೆಂಡಿನ ಇಸೊಬೆಲ್ ಗೌಡಿ ಎಂಬ ಮಹಿಳೆ ವಿಚಾರಣೆಯಲ್ಲಿ ಕೊಟ್ಟ ಹೇಳಿಕೆಯಲ್ಲಿದೆ. 1921ರಲ್ಲಿ ವಿದ್ವಾಂಸೆ ಮಾರ್ಗರೆಟ್ ಮರ್ರೆ ಇಂಥ ಹೇಳಿಕೆಗಳನ್ನೇ ನಂಬಿ, ಯುರೋಪಿನಲ್ಲೆಲ್ಲ ಈ ಕೂಟಗಳಿದ್ದವು ಎಂದು ಪುಸ್ತಕ ಬರೆದರು. ಇತಿಹಾಸಕಾರರು ಈಗ ಅದನ್ನು ಒಪ್ಪುವುದಿಲ್ಲ. ಸಿನಿಮಾದವರು ಮಾತ್ರ ಬಿಟ್ಟಿಲ್ಲ.

ಹಾಗಾದರೆ ಹೇಳಿಕೆಗಳಲ್ಲಿ ಕೂಟ ಬಂದದ್ದು ಹೇಗೆ? 1590ರಲ್ಲಿ ಸ್ಕಾಟ್ಲೆಂಡಿನ ರಾಜ ಜೇಮ್ಸ್ ಡೆನ್ಮಾರ್ಕಿನ ರಾಜಕುಮಾರಿಯನ್ನು ಮದುವೆಯಾಗಿ ಊರಿಗೆ ಮರಳಿದ. ಆ ಪ್ರಯಾಣಗಳಲ್ಲಿ ಹಡಗುಗಳು ಬಿರುಗಾಳಿಗೆ ಸಿಕ್ಕಿದ್ದವು. ನಮ್ಮ ಕರಾವಳಿಯಲ್ಲಿ ಜೂನ್ ತಿಂಗಳಲ್ಲಿ ಕಡಲು ಕೆರಳಿದರೆ ದೋಣಿಯನ್ನು ದಡಕ್ಕೆ ಎಳೆದು ಕಟ್ಟುತ್ತೇವೆ, ಯಾರ ಮೇಲೂ ಕೇಸು ಹಾಕುವುದಿಲ್ಲ. ಅಲ್ಲಿ ಹಾಕಿದರು. ಗೈಲಿಸ್ ಡಂಕನ್ ಎಂಬ ಮನೆಗೆಲಸದ ಹುಡುಗಿ ಕಾಯಿಲೆಯವರನ್ನು ಗುಣಪಡಿಸುತ್ತಾಳೆ, ರಾತ್ರಿ ಹೊರಗೆ ಹೋಗುತ್ತಾಳೆ ಎಂದು ಯಜಮಾನನಿಗೆ ಅನುಮಾನ. ಚಿತ್ರಹಿಂಸೆ ಕೊಟ್ಟ. ಆಕೆ ಹೆಸರುಗಳನ್ನು ಹೇಳಿದಳು. ಹೆಸರು ಬಂದವರನ್ನೂ ಹಿಂಸಿಸಿದರು, ಅವರು ಇನ್ನಷ್ಟು ಹೆಸರು ಹೇಳಿದರು. ಮದ್ದು ಬಲ್ಲ ಆಗ್ನೆಸ್ ಸ್ಯಾಂಪ್ಸನ್ ಎಂಬಾಕೆಯನ್ನು ಸ್ವತಃ ರಾಜನೇ ಪ್ರಶ್ನಿಸಿದ. “ನಿನ್ನ ಜೊತೆ ಇನ್ನು ಯಾರಿದ್ದರು?” ಎಂಬ ಪ್ರಶ್ನೆಯನ್ನು ಹಿಂಸೆಯ ನಡುವೆ ಕೇಳುತ್ತ ಹೋದರೆ ಗುಂಪು ತಾನಾಗಿಯೇ ಬೆಳೆಯುತ್ತದೆ. ಗೈಲಿಸ್ ಸಾಯುವ ಮೊದಲು, ಕೆಲವರ ಬಗ್ಗೆ ತಾನು ಹೇಳಿದ್ದು ಸುಳ್ಳು ಎಂದಳು. ತಡವಾಗಿತ್ತು.

ಇದಕ್ಕೆ ವಿರುದ್ಧವಾದ ಪ್ರಸಂಗ ಸ್ಪೇನಿನದು. 1610ರಲ್ಲಿ ಅಲ್ಲಿನ ಧಾರ್ಮಿಕ ನ್ಯಾಯಾಲಯ ಲೋಗ್ರೋನ್ಯೊ ಊರಿನಲ್ಲಿ ಆರು ಜನರನ್ನು ಸುಟ್ಟಿತು. ತೀರ್ಪು ಕೊಟ್ಟವರಲ್ಲೇ ಒಬ್ಬನಾದ ಸಲಾಜಾರ್‌ಗೆ ಸಂಶಯ ಬಂತು. ಮರುವರ್ಷ ಹಳ್ಳಿಹಳ್ಳಿ ತಿರುಗಿ 1,802 ಜನರ ಹೇಳಿಕೆ ಪಡೆದ. ಅವರಲ್ಲಿ 1,384 ಮಂದಿ ಮಕ್ಕಳು! ಕೂಟ ಸೇರುತ್ತದೆ ಎಂದು ಹೇಳಿದ ಜಾಗಕ್ಕೆ ಅದೇ ರಾತ್ರಿ ತನ್ನ ಗುಮಾಸ್ತರನ್ನು ಕಳಿಸಿದ. ಅಲ್ಲಿ ಯಾರೂ ಇರಲಿಲ್ಲ. ಮಾಟದ ಲೇಪವೆಂದು ತಂದುಕೊಟ್ಟ ಮಡಕೆಗಳನ್ನು ಪರೀಕ್ಷಿಸಿದ, ಅವೂ ಬೋಗಸ್. ಜನ ಅದರ ಬಗ್ಗೆ ಮಾತಾಡಿ, ಬರೆದು ಹಬ್ಬಿಸುವ ತನಕ ಅಲ್ಲಿ ಮಾಟಗಾತಿಯರೇ ಇರಲಿಲ್ಲ ಎಂದು ವರದಿ ಕೊಟ್ಟ. ನನ್ನ ಮಟ್ಟಿಗೆ ಈ ಇತಿಹಾಸದಲ್ಲಿ ನೆನಪಿಡಬೇಕಾದ ಹೆಸರು ಇವನದೇ.

ಸಿಹ್ರ್ ಮಹಾಪಾಪವೆಂದು ನಾವೆಲ್ಲ ಕಲಿತಿದ್ದೇವೆ. ಆದರೆ ಫಿರ್‌ಔನನ ಕಡೆಯವರು ಪ್ರವಾದಿ ಮೂಸಾ(ಅ)ರನ್ನೂ ಮಕ್ಕಾದ ವಿರೋಧಿಗಳು ಪ್ರವಾದಿ ಮುಹಮ್ಮದ್(ಸ)ರನ್ನೂ ‘ಮಾಟಗಾರ’ ಎಂದೇ ಕರೆದರೆಂದು ಕುರ್‌ಆನ್ ಹೇಳುತ್ತದೆ. ಸುದ್ದಿ ಬಂದಾಗ ಪರಿಶೀಲಿಸಬೇಕೆಂಬ ಆದೇಶ ಸೂರಃ ಹುಜುರಾತ್‌ನಲ್ಲಿದೆ.

ಹೊನ್ನಾವರ, ಕುಮಟಾ ಕಡೆಯ ಯಕ್ಷಗಾನದಲ್ಲಿ ಶೂರ್ಪನಖಿ ಅಬ್ಬರಿಸಿ ರಂಗಕ್ಕೆ ಬಂದರೆ ಮಕ್ಕಳು ಬೆಚ್ಚುತ್ತಾರೆ. ಬೆಳಗಾದರೆ ಆ ರಾಕ್ಷಸಿ ಬಣ್ಣ ಕಳಚಿದ ಕಲಾವಿದ, ಅಷ್ಟೇ. ಮಾಟಗಾತಿ ಎಂಬ ಮಾತು ಹಾಗಲ್ಲ, ಅದು ಪಕ್ಕದ ಮನೆಯ ಹೆಂಗಸಿಗೆ, ಹೆಚ್ಚಾಗಿ ಒಂಟಿ ವಿಧವೆಗೆ ಅಂಟಿಕೊಳ್ಳುತ್ತದೆ. ಕಲಬುರಗಿ, ಬೀದರ್ ಕಡೆ ‘ಬಾನಾಮತಿ’ ಎನ್ನುತ್ತಾರೆ. ಮೈಮೇಲೆ ಬಂದಂತೆ ಕೂಗುವವರನ್ನು ಕಂಡರೆ ವೈದ್ಯರು ಮನಸ್ಸಿನ ಒತ್ತಡ ಹುಡುಕುತ್ತಾರೆ, ಊರವರು ಮಾಡಿಸಿದವರನ್ನು ಹುಡುಕುತ್ತಾರೆ. ಜಾರ್ಖಂಡ್, ಬಿಹಾರಗಳಲ್ಲಿ ‘ಡಾಯನ್’ ಎಂದು ಹೆಂಗಸರನ್ನು ಕೊಂದ ಪ್ರಕರಣಗಳು ನಮ್ಮ ಕಾಲದವೇ. ಬಿಹಾರ 1999ರಲ್ಲೇ ಇದರ ವಿರುದ್ಧ ಕಾನೂನು ತಂದಿತು.

ನಮ್ಮ ರಾಜ್ಯದಲ್ಲಿ ಪತ್ರಿಕೆಗಳು ಮೌಢ್ಯ ನಿಷೇಧ ಕಾಯ್ದೆ ಎಂದು ಕರೆಯುವ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆದರೂ, ನಿಧಿಗಾಗಿ ವಾಮಾಚಾರ ಮಾಡಿದರೂ 1ರಿಂದ 7 ವರ್ಷ ಜೈಲು, ಜೊತೆಗೆ 5,000ದಿಂದ 50,000 ರೂಪಾಯಿ ದಂಡ.