ಗಾಯಕ್ಕಿಂತ ಮೊದಲು ನೀರು

ಗೋಲ್ಡ್‌ಫಿಶ್‌ನ ಬಾಲ ಹರಿದಿದೆ ಎಂದು ಕಂಡ ಕೂಡಲೇ ಅಂಗಡಿಗೆ ಓಡಿಹೋಗಿ ಔಷಧಿ ತರಬೇಡ, ಮಗೂ. ಸ್ವಲ್ಪ ಹೊತ್ತು ಟ್ಯಾಂಕಿನ ಮುಂದೆ ಕೂತು ನೋಡು. ತೊಂದರೆ ಒಂದೇ ಮೀನಿಗೋ, ಎಲ್ಲಕ್ಕೂ ಇದೆಯೋ? ಒಂದಕ್ಕೇ ಆಗಿದ್ದು, ಹರಿದ ಅಂಚು ಶುಭ್ರವಾಗಿದ್ದರೆ ಜೊತೆಯ ಮೀನು ಕಚ್ಚಿರುತ್ತದೆ, ಇಲ್ಲವೇ ಚೂಪು ಕಲ್ಲಿಗೋ ಪ್ಲಾಸ್ಟಿಕ್ ಗಿಡಕ್ಕೋ ಸಿಕ್ಕಿರುತ್ತದೆ. ಅಂಚು ಬೆಳ್ಳಗೋ ಕೆಂಪಗೋ ಆಗಿ ರೆಕ್ಕೆ ದಿನದಿಂದ ದಿನಕ್ಕೆ ಸವೆಯುತ್ತಿದ್ದರೆ ಅದು ಬ್ಯಾಕ್ಟೀರಿಯಾ ತರುವ ರೆಕ್ಕೆಕೊಳೆ. ಗಾಯದ ಮೇಲೆ ಹತ್ತಿ ಎಳೆಗಳಂತೆ ಎದ್ದಿದ್ದರೆ ಬಹುಪಾಲು ಬೂಷ್ಟು. ಇಲ್ಲೊಂದು ಎಚ್ಚರ ಬೇಕು. ಬಾಯಿಯ ಸುತ್ತ ಅಥವಾ ಬೆನ್ನಿಗೆ ಅಡ್ಡಲಾಗಿ ಬೂದುಬಿಳಿ ಪಟ್ಟೆ ಕಂಡರೆ ಅದು ಕಾಲಮ್ನ್ಯಾರಿಸ್ ಇರಬಹುದು. ನೋಡಲು ಬೂಷ್ಟಿನಂತಿದ್ದರೂ ಅದೂ ಬ್ಯಾಕ್ಟೀರಿಯಾವೇ. ನೀರು ಬೆಚ್ಚಗಾದಷ್ಟೂ ಜೋರಾಗಿ ಹಬ್ಬುತ್ತದೆ. ಬಿಳಿಚುಕ್ಕೆ ರೋಗಕ್ಕೆ ಹೀಟರ್ ಏರಿಸುವ ಅಭ್ಯಾಸವನ್ನು ಇಲ್ಲಿಗೆ ತಂದರೆ ಮೀನು ಬೇಗ ಸಾಯುತ್ತದೆ.

ಎಲ್ಲ ಮೀನುಗಳೂ ರೆಕ್ಕೆ ಮುದುಡಿಕೊಂಡು, ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಕಿವಿರು ಕೆಂಪಾಗಿದ್ದರೆ, ಮೊದಲು ನೀರನ್ನೇ ಅನುಮಾನಿಸು. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತಲೇ ಇರುತ್ತದೆ. ಫಿಲ್ಟರಿನಲ್ಲಿ ಮನೆಮಾಡಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ಟ್ಯಾಂಕಿನಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಭಾನುವಾರ ಕೂತು ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ಫಳಫಳ ತೊಳೆದರೆ ಅಷ್ಟು ದಿನದ ಅವುಗಳ ದುಡಿಮೆ ಹೋಯಿತು. ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಅದನ್ನು ಮೆಲ್ಲಗೆ ಹಿಂಡಿದರೆ ಸಾಕು.

ನೀರು ತಿಳಿಯಾಗಿದೆ ಎಂದು ನಂಬಬೇಡ. ಅಮೋನಿಯಾಕ್ಕೂ ನೈಟ್ರೈಟಿಗೂ ಬಣ್ಣವಿಲ್ಲ. ದುಬಾರಿ ಮೀನಿಗೆ ಮುಂಚೆ ಒಂದು ಟೆಸ್ಟ್ ಕಿಟ್ ಕೊಂಡುಕೋ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಈ ಎರಡೂ ಸೊನ್ನೆ ತೋರಿಸಬೇಕು. ಕ್ಷಾರ ಹೆಚ್ಚಿರುವ ನೀರಿನಲ್ಲಿ ಅಷ್ಟೇ ಅಮೋನಿಯಾ ಇನ್ನಷ್ಟು ವಿಷವಾಗುತ್ತದೆ, ಅದಕ್ಕೇ ಬೋರ್‌ವೆಲ್ ನೀರು ಬಳಸುವವರು ಪಿಎಚ್ ಕೂಡ ನೋಡಬೇಕು. ಬೆಂಗಳೂರಿನಲ್ಲಿ ನಲ್ಲಿಗೆ ಬರುವ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದನ್ನು ಹಾಗೇ ಸುರಿಯದೆ ಸೋಡಿಯಂ ಥಯೋಸಲ್ಫೇಟ್ ಇರುವ ಕ್ಲೋರಿನ್ ನಿವಾರಕ ಬೆರೆಸು. ಕಿಟ್ಟಿನಲ್ಲಿ ಅಮೋನಿಯಾವೋ ನೈಟ್ರೈಟೋ ಕಂಡರೆ ಅಂದೇ ಕಾಲು ಭಾಗ ನೀರು ಬದಲಿಸು, ಬೇಕಿದ್ದರೆ ಮರುದಿನವೂ ಬದಲಿಸು. ಹೊಸ ನೀರಿನ ಬಿಸಿ ಹಳೆಯದಕ್ಕೆ ಹೊಂದಿರಲಿ.

ನೀರು ಸರಿಹೋದ ಮೇಲೆ ಗಾಯದ ಮಾತು. ಮೀನನ್ನು ಬೇರೆ ಡಬ್ಬಿಗೆ ಸಾಗಿಸುವಾಗ ಬಲೆಯಿಂದ ಉಜ್ಜಬೇಡ. ಮೈಮೇಲಿನ ಲೋಳೆಯೇ ಅದಕ್ಕೆ ಕಾವಲು. ಗೋಲ್ಡ್‌ಫಿಶ್‌ಗೆ ಅಯೋಡಿನ್ ಇಲ್ಲದ ಉಪ್ಪು ಲೀಟರಿಗೆ 1ರಿಂದ 3 ಗ್ರಾಂ ಸಾಕು. ಬೇರೆ ಪಾತ್ರೆಯಲ್ಲಿ ಕರಗಿಸಿ, ಸ್ವಲ್ಪ ಸ್ವಲ್ಪವಾಗಿ ಸೇರಿಸು. ಗಿಡಗಳಿಗೂ ಕೋರಿಡೋರಾಸ್‌ನಂಥ ಮೀನುಗಳಿಗೂ ಉಪ್ಪು ಅಷ್ಟಾಗಿ ಆಗಿಬರುವುದಿಲ್ಲ. ಊಟ ಕಡಿಮೆ ಮಾಡು, ಗಾಳಿಯ ಪಂಪು ನಿಲ್ಲದಿರಲಿ. ಯಾವ ಬ್ಯಾಕ್ಟೀರಿಯಾ ಎಂದು ತಿಳಿಯದೆ ಆ್ಯಂಟಿಬಯಾಟಿಕ್ ಸುರಿಯಬೇಡ, ಅದು ಫಿಲ್ಟರಿನ ಜೀವಿಗಳನ್ನೂ ಕೊಲ್ಲಬಹುದು.

ರೆಕ್ಕೆ ಮತ್ತೆ ಬೆಳೆಯುವಾಗ ಹೊಸ ಅಂಚು ಬಿಳುಪಾಗಿ, ಪಾರದರ್ಶಕವಾಗಿರುತ್ತದೆ. ಅನೇಕರು ಇದನ್ನು ಕೊಳೆಯೆಂದೇ ಹೆದರುತ್ತಾರೆ. ಫೋನಿನಲ್ಲಿ ಒಂದೇ ಕೋನದಿಂದ ದಿನಾ ಚಿತ್ರ ತೆಗೆದು ಹೋಲಿಸು. ಬಾಲ ಉದ್ದವಾಗುತ್ತಿದ್ದರೆ ಅದು ಬೆಳವಣಿಗೆ, ಗಿಡ್ಡವಾಗುತ್ತಿದ್ದರೆ ಮತ್ತೆ ಟೆಸ್ಟ್ ಕಿಟ್ ತೆಗೆ.