ತಿಂಗಳು ನೋಡಿ ಮರ ಹೇಳಬೇಡಿ

ಪರಾಗದ ಫೋಟೊ ತೋರಿಸಿ ಮರದ ಹೆಸರು ಹೇಳುವುದನ್ನು ಕಂಪ್ಯೂಟರಿಗೆ ಕಲಿಸಲು ಹೊರಟವರಿಗೆ ಮೊದಲು ಹೊಳೆಯುವ ಉಪಾಯ, ತಾರೀಖನ್ನೂ ಜತೆಗೆ ಕೊಡುವುದು. ಯುಗಾದಿ ಹೊತ್ತಿಗೆ ಬೇವು ಹೂ ಬಿಡುತ್ತದಲ್ಲ! ಹೆಮ್ಮಿಗೆ ಎಂಬ ಊರಿನ ಸುತ್ತ ಈ ಕೆಲಸ ಮಾಡಿದ ಮೇಲೆ ಆ ಉಪಾಯವನ್ನು ಎಲ್ಲಿ ನಂಬಬೇಕು, ಎಲ್ಲಿ ಬಿಡಬೇಕು ಎಂಬುದು ನನಗೆ ತಿಳಿಯಿತು.

ಹೂವಿನಿಂದಲೇ ಪರಾಗ ಉದುರಿಸಿ, ಗ್ಲಿಸರಿನ್ ಜೆಲ್ಲಿಯಲ್ಲಿ ಕೂರಿಸಿ, ಫುಕ್ಸಿನ್ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವು ಮರಗಳು ತಾವೇ ಗುರುತು ಹೇಳುತ್ತವೆ. ತೆಂಗಿನ ಕಣಕ್ಕೆ ಉದ್ದನೆಯ ಒಂದೇ ಸೀಳು, ಸರ್ವೆಗೆ ಮೂರು ರಂಧ್ರ, ಬೇವಿಗೆ ನಾಲ್ಕು ಸೀಳು. ತೆಂಗು ವರ್ಷವಿಡೀ ಹೊಂಬಾಳೆ ಒಡೆಯುತ್ತದೆ. ಅಲ್ಲಿ ತಾರೀಖಿನಿಂದ ಏನೂ ಉಪಯೋಗವಿಲ್ಲ. ಹೊಂಗೆ, ಹುಣಸೆ ಎರಡಕ್ಕೂ ಮೂರು ಮೂರು ಸೀಳು. ಹೊಂಗೆ ಬೇಸಿಗೆಯಲ್ಲಿ ಅರಳುತ್ತದೆ, ಹುಣಸೆ ಅದರ ಹಿಂದೆ ಮಳೆಗಾಲದ ಹೊಸ್ತಿಲಲ್ಲಿ. ಕಾಲದ ಸಾಕ್ಷಿ ಬೇಕಾಗುವುದು ಇಂಥ ಕಡೆ.

ಆ ಸಾಕ್ಷಿಯನ್ನು ಕೊಡುವುದಕ್ಕೂ ಒಂದು ಕ್ರಮವಿದೆ. ದಿನಗಳಿಗೆ 1ರಿಂದ 365ರವರೆಗೆ ಅಂಕಿ ಕೊಟ್ಟರೆ ಡಿಸೆಂಬರ್ 31 ಮತ್ತು ಜನವರಿ 1 ಯಂತ್ರದ ಪಾಲಿಗೆ ದೂರದೂರವಾಗುತ್ತವೆ. ವರ್ಷವನ್ನು ವೃತ್ತವೆಂದು ತಿಳಿದು, ಸೈನ್ ಮತ್ತು ಕೊಸೈನ್ ಎಂಬ ಎರಡು ಅಂಕಿಗಳಲ್ಲಿ ದಿನವನ್ನು ಬರೆದರೆ ಆ ತೊಡಕು ಬಿಡುತ್ತದೆ. ಪಂಚಾಂಗವನ್ನೂ ನಂಬುವಂತಿಲ್ಲ: ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ. ಬೇವು ಕಾಯುವುದು ಹಬ್ಬವನ್ನಲ್ಲ, ಬಿಸಿಲನ್ನು. ಹಾಗಾಗಿ ಹಿಂದಿನ ವಾರಗಳ ಉಷ್ಣಾಂಶ ಮತ್ತು ಮಳೆಯ ಲೆಕ್ಕವನ್ನು ತಾರೀಖಿಗಿಂತ ಮುಂದೆ ಇಡಬೇಕು. ತರಿ ಜಮೀನಿನ ಬದುವಿನ ಮರವೂ ಖುಷ್ಕಿಯ ಮರವೂ ಒಂದೇ ದಿನ ಹೂ ಬಿಡುತ್ತವೆಂದು ಊಹಿಸಬಾರದು. ಮರದ ಬುಡದಲ್ಲಿ ನಾಲೆ ನೀರು ಇದೆಯೇ ಎಂಬುದನ್ನೂ ಸ್ಲೈಡಿನ ಚೀಟಿಯಲ್ಲಿ ಬರೆಯುತ್ತೇನೆ.

ಪರೀಕ್ಷೆಯಲ್ಲಿ ಇನ್ನೂ ಹುಷಾರಾಗಿರಬೇಕು. ಒಂದೇ ಸ್ಲೈಡಿನ ಫೋಟೊಗಳು ಕಲಿಕೆಗೂ ಪರೀಕ್ಷೆಗೂ ಹಂಚಿಹೋದರೆ ಅದು ಪ್ರಶ್ನೆಪತ್ರಿಕೆ ಬಯಲಾದ ಪರೀಕ್ಷೆಯಂತೆ. ಅಂಕ ಬರುತ್ತದೆ, ವಿದ್ಯೆ ಬರುವುದಿಲ್ಲ. ಒಂದು ಇಡೀ ವರ್ಷದ ಸ್ಲೈಡುಗಳನ್ನು ಬದಿಗಿಟ್ಟು, ಯಂತ್ರ ನೋಡದ ಆ ವರ್ಷದ ಮೇಲೆ ಪರೀಕ್ಷಿಸಬೇಕು. ಮಳೆ ಮುಂದೆ ಹೋದ ವರ್ಷವಾದರೆ ಇನ್ನೂ ಒಳ್ಳೆಯದು.

ಹೊರಗಿನ ಸಿದ್ಧ ಸಂಗ್ರಹಗಳು ರೂಢಿಗೆ ಒಳ್ಳೆಯವು. ಬ್ರೆಜಿಲ್‌ನ ಸವನ್ನಾ ಪ್ರದೇಶದ ಪೋಲೆನ್23ಇ ಸಂಗ್ರಹದಲ್ಲಿ 23 ಬಗೆಯ ಪರಾಗಗಳ 805 ಚಿತ್ರಗಳಿವೆ. ಆದರೆ ನಮ್ಮ ಹೊಂಗೆಯನ್ನು ನಮ್ಮ ಹೊಂಗೆಯಿಂದಲೇ ಕಲಿಸಬೇಕು.

ಕೊನೆಯದಾಗಿ, ಚಿತ್ರ ಹುಣಸೆ ಎಂದು, ಕಾಲ ಹೊಂಗೆ ಎಂದು ಹೇಳಿದಾಗ ಯಂತ್ರ ‘ಗೊತ್ತಿಲ್ಲ’ ಅನ್ನಬೇಕು. ಅಂಥ ಸ್ಲೈಡುಗಳನ್ನು ಬೇರೆ ಡಬ್ಬಿಯಲ್ಲಿಟ್ಟು ನಾನೇ ಕೂತು ನೋಡುತ್ತೇನೆ. ಯಾವ ಮರ ಕಾಲ ತಪ್ಪಿ ಹೂ ಬಿಟ್ಟಿತು ಎಂಬ ಸುದ್ದಿ ಮೊದಲು ಸಿಗುವುದು ಆ ಡಬ್ಬಿಯಲ್ಲೇ.