ಒಲೆಗೆ ಯಾವ ಸೌದೆ?

ಮಕ್ಕಳೇ, ಪೆರಿಯಕುಳಂ ಮಾವಿನ ತೋಪುಗಳ ಊರು. ತೋಪಿನ ಒಣ ಕೊಂಬೆಗಳನ್ನು ಒಲೆಗೆ ತರುವುದುಂಟು. ನೀವು ಸೌದೆ ಆರಿಸಬಲ್ಲಿರಾ?

ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿ. 'ಟಣ್' ಎಂದರೆ ಒಣಗಿದೆ. 'ದಬ್' ಎಂದರೆ ಇನ್ನೂ ಹಸಿ. ಒಣಗಿದ ತುಂಡಿನ ತುದಿಯಲ್ಲಿ ಬಿರುಕುಗಳೂ ಕಾಣುತ್ತವೆ. ಹಸಿ ಸೌದೆಯ ಶಾಖ ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಅಡುಗೆ ತಡ, ಹೊಗೆ ಹೆಚ್ಚು. ಅಮ್ಮನ ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ.

ಹುಣಸೆ, ಜಾಲಿ ಭಾರವಾದ ಸೌದೆ. ನಿಧಾನವಾಗಿ ಉರಿದು ಒಳ್ಳೆಯ ಕೆಂಡ ಕೊಡುತ್ತವೆ. ಜಾಲಿಯ ಮುಳ್ಳು ಮಾತ್ರ ಜೋಪಾನ! ಬೂರುಗ, ನುಗ್ಗೆ ಹಗುರ. ಬೇಗ ಉರಿದು ಬೂದಿಯಾಗುತ್ತವೆ.

ಕಣಗಿಲೆಯನ್ನು ಒಲೆಗೆ ಇಡಲೇಬೇಡಿ. ಅದರ ಹೂ ಚೆಂದ. ಆದರೆ ಗಿಡವೆಲ್ಲ ವಿಷ, ಹೊಗೆಯೂ ವಿಷ. ಉದ್ದವಾದ ಕಿರಿದಾದ ಎಲೆಗಳಿಂದ ಅದನ್ನು ಗುರುತಿಸಬಹುದು. ಎಲೆ ಉದುರಿದ ಮೇಲೆ ಗುರುತು ಸಿಗುವುದು ಕಷ್ಟ. ತಿಳಿಯದ ಕಡ್ಡಿ ಕಂಡರೆ ಮೊದಲು ಅಜ್ಜಿಗೆ ತೋರಿಸಿ.